ವಿಡಿಯೋ ಮುಗೀತು, ಕೆಲಸ ಬಂತಾ?

ಮದುವೆ ಮನೆ, ಗೃಹಪ್ರವೇಶ ಎಲ್ಲೇ ಹೋಗಲಿ, ಯಾರಾದ್ರೂ ಒಬ್ಬರು ಆಂಟಿ ಕೇಳೇ ಕೇಳ್ತಾರೆ: “ನಮ್ಮ ಹುಡುಗ ಯಾವುದೋ ಆನ್‌ಲೈನ್ ಕೋರ್ಸ್ ಸೇರ್ತೀನಿ ಅಂತಾನಪ್ಪ, 60 ಸಾವಿರ ಅಂತೆ. ಕಟ್ಟೋದಾ, ಬೇಡ್ವಾ? ನೀನು ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲ, ಹೇಳು.” ಒಂದೇ ಮಾತಲ್ಲಿ ಹೂಂ ಅನ್ನೋಕೂ ಆಗಲ್ಲ, ಉಹೂಂ ಅನ್ನೋಕೂ ಆಗಲ್ಲ.

ಆನ್‌ಲೈನ್ ಕಲಿಕೆಗೂ ಕೆಲಸದ ಜಾಗದ ಟ್ರೈನಿಂಗಿಗೂ ಏನು ವ್ಯತ್ಯಾಸ ಅಂದ್ರೆ ಜನ ದುಡ್ಡು, ಟೈಮು, ಓಡಾಟದ ಲೆಕ್ಕ ಹೇಳ್ತಾರೆ. ಆದರೆ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯ ಹಾಲ್‌ನಲ್ಲಿ ಎಂಬತ್ತು ಜನರನ್ನು ಕೂರಿಸಿ ಮೂರು ದಿನ ಸ್ಲೈಡ್ ತೋರಿಸಿದರೆ ಅದೂ ಒಂಥರಾ ವಿಡಿಯೋನೇ. ಮಧ್ಯೆ ನಿಲ್ಲಿಸಿ ಕಾಫಿ ಕುಡಿಯೋಕೆ ಆಗಲ್ಲ ಅಷ್ಟೇ. ನಾನು ನೋಡೋದು ಬೇರೆ: ಕಲಿಯುವವನು ತಪ್ಪು ಮಾಡುವಾಗ ಅದನ್ನು ನೋಡೋಕೆ ಪಕ್ಕದಲ್ಲಿ ಯಾರಾದರೂ ಇದ್ದಾರಾ? ಆ ತಪ್ಪಿಗೆ ಅವರೂ ಹೊಣೆ ಆಗ್ತಾರಾ?

ಇದು ನಮ್ಮ ಐಟಿಯವರಿಗಿಂತ ಪೀಣ್ಯದವರಿಗೆ ಚೆನ್ನಾಗಿ ಗೊತ್ತು. ಐಟಿಐನಲ್ಲಿ ಫಿಟ್ಟರ್ ಸೇರಿದ ಹುಡುಗನ ಕೈಗೆ ಶುರುವಿನಲ್ಲೇ ಬರೋದು ಒಂದು ಕಬ್ಬಿಣದ ತುಂಡು, ಒಂದು ಅರ. ಉಜ್ಜಬೇಕು, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡೀಬೇಕು, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಕೇರಳದ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಶುರುವಾಗಿ ಆಮೇಲೆ ನಮ್ಮ ಪೀಣ್ಯಕ್ಕೂ ಬಂದ ಎನ್‌ಟಿಟಿಎಫ್, 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಆರಂಭವಾದ ರಾಜಾಜಿನಗರದ ಜಿಟಿಟಿಸಿ, ಇವಕ್ಕೆಲ್ಲ ಹೆಸರು ಬಂದದ್ದು ಹುಡುಗರ ಕೈಗೆ ಕೆಲಸ ಹತ್ತಿಸಿದ್ದರಿಂದ.

ನನ್ನ ಚಿಕ್ಕಪ್ಪನ ಮಗ ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಸಿಎನ್‌ಸಿ ಲೇತ್ ಆಪರೇಟರ್. ಜಿ-ಕೋಡ್ ಬರೆಯೋದನ್ನ ಕಲಿತಿದ್ದು ಯೂಟ್ಯೂಬ್‌ನಲ್ಲಿ, ಕನ್ನಡ ವಿಡಿಯೋ ನೋಡಿ. ಅಷ್ಟರಮಟ್ಟಿಗೆ ಆನ್‌ಲೈನ್ ಅವನ ಕೈ ಹಿಡೀತು. ಆದರೆ ಟೂಲ್ ಆಫ್‌ಸೆಟ್ ಹಾಕುವಾಗ ಒಂದು ಮೈನಸ್ ಬಿಟ್ಟುಹೋದರೆ ಟೂಲ್ ಸೀದಾ ಹೋಗಿ ಚಕ್‌ಗೆ ಗುದ್ದಬಹುದು. ಅದಕ್ಕೇ ಮೊದಲ ತಿಂಗಳೆಲ್ಲ ಸೂಪರ್‌ವೈಸರ್ ಪಕ್ಕದಲ್ಲೇ ನಿಂತು, ಸ್ಟಾರ್ಟ್ ಬಟನ್ ಒತ್ತೋ ಮುಂಚೆ “ಇನ್ನೊಂದ್ಸಲ ಓದೋ” ಅಂತಿದ್ರಂತೆ. ಅದೇ ಮನುಷ್ಯ ಟೀ ಕುಡೀತಾ ಕೂತಿದ್ದಾಗಲೇ “ಸದ್ದು ಬದಲಾಯ್ತು, ಇನ್ಸರ್ಟ್ ಹೋಗಿದೆ ನೋಡು” ಅಂದುಬಿಡ್ತಾರೆ. ಹತ್ತಾರು ಸಲ ಹೀಗಾದ ಮೇಲೆ ಇವನ ಕಿವಿಗೂ ಆ ಸದ್ದು ಕೇಳೋಕೆ ಶುರುವಾಯ್ತು. ವಿಡಿಯೋದಲ್ಲಿ ಆ ಪಾಠ ಸಿಗಲ್ಲ. ಅದು ಪಾಠ ಅಂತ ಆ ಸೂಪರ್‌ವೈಸರ್‌ಗೇ ಗೊತ್ತಿಲ್ಲವಲ್ಲ!

ನಮ್ಮ ಕೆಲಸದಲ್ಲೂ ಅಷ್ಟೇ. ಕೋರ್ಸಿನ ಪ್ರಾಜೆಕ್ಟ್ ಕೊನೆಗೆ ಓಡೇ ಓಡುತ್ತೆ. ರೆಕಾರ್ಡ್ ಮಾಡುವಾಗ ಬಂದ ಎರರ್‌ಗಳನ್ನು ಕತ್ತರಿಸಿ ಎಸೆದಿರ್ತಾರೆ. ಡೇಟಾಬೇಸ್ ಪಾಠದ ಕೊನೆಯ ಪ್ರಶ್ನೆಗೆ ಉತ್ತರ ಡೇಟಾಬೇಸ್‌ನಲ್ಲೇ ಇರುತ್ತೆ. ಆಫೀಸಲ್ಲಿ “ಪೇಮೆಂಟ್ ನಿಧಾನ ಆಗ್ತಿದೆ” ಅಂತ ಕಂಪ್ಲೇಂಟ್ ಬಂದರೆ ಅದು ಯಾವ ಪಾಠಕ್ಕೆ ಸೇರಿದ್ದು ಅಂತ ಹೇಳೋರಿಲ್ಲ. ಸೀನಿಯರ್ ಮೊದಲು ಯಾವ ಲಾಗ್ ತೆಗೀತಾರೆ, ಯಾವುದನ್ನು ನೋಡದೇ ಬಿಡ್ತಾರೆ ಅನ್ನೋದನ್ನ ಪಕ್ಕದಲ್ಲಿ ಕೂತು ನೋಡಿ ಕಲೀಬೇಕು. 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದಲೇ ಮೊದಲ ಕೆಲಸ ಶುರು ಮಾಡಿದ ಹುಡುಗರಿಗೆ ತಪ್ಪಿಹೋದದ್ದು ಇದೇ. ಈಗೇನು ಮಹಾ ಸುಧಾರಿಸಿದೆ ಅನ್ನಬೇಡಿ. ಟ್ರಾಫಿಕ್ಕಲ್ಲಿ ಒದ್ದಾಡಿ ವೈಟ್‌ಫೀಲ್ಡ್ ತಲುಪಿ, ಹೆಡ್‌ಫೋನ್ ಹಾಕಿಕೊಂಡು ಪಕ್ಕದ ಸೀಟಿನವನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡ್ತೀವಿ!

ಹಾಗಂತ ಆನ್‌ಲೈನ್ ದಂಡ ಅಂತಲ್ಲ. ಗುಟ್ಟು ಬಿಟ್ಟುಕೊಡದ ಮೇಸ್ತ್ರಿಗಳೂ ಇದ್ದಾರೆ, ಎರಡನೇ ಸಲ ಕೇಳಿದರೆ ರೇಗೋ ಸೀನಿಯರ್‌ಗಳೂ ಇದ್ದಾರೆ. ವಿಡಿಯೋ ಐದನೇ ಸಲ ನೋಡಿದರೂ ಮುಖ ಗಂಟು ಹಾಕಲ್ಲ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದ ನಮ್ಮ ಅತ್ತಿಗೆ ಮತ್ತೆ ಓದೋಕೆ ಕೂತದ್ದು ಮಗು ಮಲಗಿದ ಮೇಲೆ, ರಾತ್ರಿ ಹತ್ತಕ್ಕೆ. ಆ ಹೊತ್ತಿಗೆ ಯಾವ ಟ್ರೈನಿಂಗ್ ಸೆಂಟರ್ ಬಾಗಿಲು ತೆಗೆದಿರುತ್ತೆ? ಅದಕ್ಕೆ 60 ಸಾವಿರವೂ ಬೇಕಿಲ್ಲ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಫೀಸು ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೀಬೇಕು.

ದೊಡ್ಡ ಮೊತ್ತ ಕೇಳುವ ಕೋರ್ಸಿನವರು ಫೋನ್ ಮಾಡಿದರೆ ಒಂದು ಪ್ರಶ್ನೆ ಕೇಳಿ: “ನನ್ನ ಮಗ ಬರೆದ ಕೋಡನ್ನ ವಾರಕ್ಕೆ ಎಷ್ಟು ಸಲ, ಯಾರು ಓದಿ ತಿದ್ತಾರೆ?” ಅದಕ್ಕೆ ಉತ್ತರ ಕೊಡದೆ ಪ್ಲೇಸ್‌ಮೆಂಟ್ ಕಥೆ ಶುರು ಮಾಡಿದರೆ, ನಿಮ್ಮ ದುಡ್ಡಿಗೆ ಸಿಗೋದು ವಿಡಿಯೋ ಮಾತ್ರ ಅಂತ ತಿಳೀರಿ.

ಇನ್ನೊಂದು ದಾರಿ ನಮ್ಮ ಮನೆಗಳಲ್ಲಿ ಯಾರೂ ಮಾತಾಡೋದೇ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ, ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಲಿಯುವವನಿಗೆ ತಿಂಗಳು ತಿಂಗಳು ಸ್ಟೈಪೆಂಡ್ ಕೊಡಬೇಕು. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಅಂತ ಸರ್ಕಾರದ ಪೋರ್ಟಲ್ ಇದೆ. ಡಿಪ್ಲೊಮಾ, ಎಂಜಿನಿಯರಿಂಗ್‌ನವರಿಗೆ ನ್ಯಾಟ್ಸ್ ಅಂತ ಇನ್ನೊಂದು. ಹೆಸರು ನೋಂದಾಯಿಸೋದು ಆನ್‌ಲೈನ್‌ನಲ್ಲೇ.