ಭೌತಶಾಸ್ತ್ರದ ಹಣ ಕಿತ್ತರೆ ಆಸ್ಪತ್ರೆ ಉಳಿಯದು

ಪರಮಾಣು ಸಂಶೋಧನೆಗೆ ಸುರಿಯುವ ಹಣವನ್ನು ಕ್ಯಾನ್ಸರ್ ಆಸ್ಪತ್ರೆಗಳಿಗೆ ಕೊಡಿ ಎಂಬ ಕಳೆದ ವಾರದ ಲೇಖನ ಕೆಂಗೇರಿ ಪಕ್ಕದ ಜ್ಞಾನಭಾರತಿಯಲ್ಲಿ ಭೌತಶಾಸ್ತ್ರ ಓದುವ ಮಕ್ಕಳಿಗೆ ಮಾಡಿದ ಅನ್ಯಾಯ. ರೋಗಿಗಳಿಗಂತೂ ಇನ್ನೂ ದೊಡ್ಡದು.

ಮೂಳೆ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ ಎಲ್ಲಿಂದ ಬಂತು? 1938ರಲ್ಲಿ ವಿಜ್ಞಾನಿಗಳಾದ ಸೆಗ್ರೆ ಮತ್ತು ಸೀಬೋರ್ಗ್ ಅದರ ಈ ರೂಪವನ್ನು ಬರ್ಕ್‌ಲಿಯಲ್ಲಿ ಕಂಡುಹಿಡಿದಾಗ ಅವರು ಆಸ್ಪತ್ರೆಗಾಗಿ ಹುಡುಕುತ್ತಿರಲಿಲ್ಲ. ಅದರ ಅರ್ಧಾಯುಷ್ಯ ಸುಮಾರು 6 ಗಂಟೆ. ಚಿತ್ರ ತೆಗೆಯಲು ಸಾಕು, ಮೈಯಲ್ಲಿ ಬಹುಕಾಲ ಉಳಿಯದು. ಅದು ಹೊಮ್ಮಿಸುವ ಗಾಮಾ ಕಿರಣ ಹಿಡಿಯುವ ಸೋಡಿಯಂ ಅಯೋಡೈಡ್ ಹರಳಿನಿಂದಲೇ ಉಳ್ಳಾಲದ ಮೋನಜೈಟ್ ಮರಳಿನ ಥೋರಿಯಂ ಅಳೆಯಬಹುದು. ಕರಾವಳಿಯಲ್ಲೂ ಕೈಗಾ ಅಣುಸ್ಥಾವರದ ಸುತ್ತಲೂ ವಿಕಿರಣ ಅಳೆಯುತ್ತ ಬಂದಿರುವ ಮಂಗಳೂರು ವಿಶ್ವವಿದ್ಯಾನಿಲಯದವರ ಕೆಲಸ ಇಲ್ಲದಿದ್ದರೆ, ಸ್ಥಾವರದ ಪಕ್ಕದ ಕಾಳಿ ನದಿಯ ನೀರು ಕಾರವಾರದ ಕಡಲಿಗೆ ಏನು ಒಯ್ಯುತ್ತದೆಂದು ಮೀನುಗಾರರು ಯಾರನ್ನು ಕೇಳಬೇಕು? ಬಾಯಿಮಾತಿನ ಭರವಸೆ ಅವರಿಗೆ ಸಾಲದು.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮುಂದಿನ ಸರತಿ ಸಾಲಿನ ಬಗ್ಗೆ ಲೇಖಕರಿಗಿರುವ ಸಂಕಟ ನನಗೂ ಇದೆ. ಆಸ್ಪತ್ರೆಗೆ ಹೆಚ್ಚು ಹಣ ಬೇಕೇ ಬೇಕು. ಆದರೆ ವಿಕಿರಣ ಚಿಕಿತ್ಸೆಯ ಯಂತ್ರ ಬಂದರೆ ಸಾಲದು. ಗೆಡ್ಡೆಗೆ ಎಷ್ಟು ಪ್ರಮಾಣ, ಪಕ್ಕದ ಅಂಗಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ವೈದ್ಯಕೀಯ ಭೌತವಿಜ್ಞಾನಿ ಇರಲೇಬೇಕೆಂಬುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಭೌತಶಾಸ್ತ್ರ ವಿಭಾಗಗಳನ್ನು ಒಣಗಿಸಿದ ಮೇಲೆ ಆ ಹುದ್ದೆಗೆ ಯಾರನ್ನು ಕರೆತರುತ್ತೀರಿ, ಸ್ವಾಮಿ?