ವೀಣೆಯ ದನಿ ಅಡಗಿರುವುದೆಲ್ಲಿ?

ಮೈಸೂರಿನ ಹಳೆಯ ಮನೆಗಳಲ್ಲಿ ಅಜ್ಜಿಯ ಕಾಲದ ವೀಣೆಯೊಂದು ಗವಸು ಹೊದ್ದು ಮೂಲೆ ಹಿಡಿದಿರುವುದುಂಟು. ಮೀಟಿದರೆ ನಾದ ಮಂಕು. ‘ಮುದಿಯಾಯಿತು, ಮಾರಿಬಿಡೋಣ’ ಎನ್ನುವವರು ತುಸು ತಾಳಬೇಕು.

ಹಲಸಿನ ಮರವನ್ನು ತೋಡಿ ಮಾಡಿದ ಕೊಡ ಬೇಗನೆ ಮುಪ್ಪಾಗದು. ಮೊದಲು ಕೆಡುವುದು ತಂತಿ. ತುಕ್ಕು ಹಿಡಿದರೆ ಅದರ ದನಿ ಕುಗ್ಗುತ್ತದೆ. ೨೪ ಮೆಟ್ಟಿಲುಗಳನ್ನು ಹಿಡಿದಿರುವ ಕರಿಯ ಮೇಣ ಬಿಸಿಲ ಕಾವಿಗೆ ಮೆತ್ತಗಾದರೆ ಮೆಟ್ಟಿಲು ಕದಲಿ ಶ್ರುತಿ ತಪ್ಪುತ್ತದೆ. ತಂತಿಯ ಕಂಪನವನ್ನು ಕೊಡಕ್ಕೆ ದಾಟಿಸುವುದು ಕುದುರೆ. ಅದರ ಮೇಲಣ ಲೋಹದ ತಗಡು ಸವೆದರೆ ಝೇಂಕಾರವೇ ಹೋಗುತ್ತದೆ. ಇವೆಲ್ಲ ಬಲ್ಲವರ ಕೈಯಲ್ಲಿ ಸರಿಹೋಗತಕ್ಕವು.

ಇನ್ನುಳಿದುದು ಬೆರಳು. ಕುದುರೆಯ ಬಳಿ ಮೀಟಿದರೆ ದನಿ ತೀಕ್ಷ್ಣ, ದೂರ ಸರಿದರೆ ಮೃದು. ಉಗುರಿನ ಮೀಟು ಒಂದು ಬಗೆ, ಬೆರಳಿಗೆ ತೊಟ್ಟ ಲೋಹದ ಮೀಟು ಮತ್ತೊಂದು. ವೀಣೆ ಶೇಷಣ್ಣನವರಿಂದ (೧೮೫೨–೧೯೨೬) ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ (೧೯೨೦–೧೯೯೭) ಮೈಸೂರು ಬಾನಿ ಇಳಿದು ಬಂದುದು ಇಂಥ ಬೆರಳಿನ ಶಿಕ್ಷಣದಿಂದ.

ಅಜ್ಜಿಯ ವೀಣೆಗೆ ಹೊಸ ತಂತಿ, ಹೊಸ ಮೇಣ ದೊರೆಯುತ್ತವೆ. ಅದರೆದುರು ಕುಳಿತು ದಿನವೂ ಸಾಧನೆ ಮಾಡುವ ಬೆರಳುಗಳನ್ನು ಮನೆಯವರೇ ಒದಗಿಸಬೇಕು.