ತಮಟೆಗೊಬ್ಬ ಮೇಷ್ಟ್ರು ಬೇಕು

ಆಗಸ್ಟ್ ಹದಿನೈದಕ್ಕೆ ಎರಡು ದಿನ ಇತ್ತು. ಹೆಡ್‌ಮೇಷ್ಟ್ರು ಕ್ಲಾಸಿಗೆ ಬಂದವರೇ ಕೊನೇ ಸಾಲಿನ ಕಡೆ ಬೆರಳು ತೋರಿಸಿ, 'ಏಯ್, ನಿಮ್ಮಪ್ಪನ ತಮಟೆ ತಗಂಬಾರೋ, ಪ್ರಭಾತಫೇರಿಗೆ ಬೇಕು' ಅಂದರು. ಬೆರಳು ನನ್ನ ಕಡೆಗಿತ್ತು. ಆಗ ನಾನು ಆರನೇ ಕ್ಲಾಸು. ಗೌಡರ ಹುಡುಗನ ಕೊರಳಿಗೆ ಶಾಲೆಯ ಡ್ರಮ್ಮು, ಶಾನುಭೋಗರ ಮನೆ ಹುಡುಗಿಗೆ ಪ್ರಾರ್ಥನೆ, ನನಗೆ ತಮಟೆ. ಸ್ವಾತಂತ್ರ್ಯದ ಮೆರವಣಿಗೆಯಲ್ಲಿ ಯಾರು ಏನು ಬಾರಿಸಬೇಕು ಅನ್ನೋದನ್ನ ಮನು ಬಂದು ಹೇಳಬೇಕಾಗಿರಲಿಲ್ಲ. ಮೆರವಣಿಗೆ ಮುಗಿದ ಮೇಲೆ ಡ್ರಮ್ಮು ಆಫೀಸು ರೂಮಿನ ಬೀರು ಸೇರಿತು. ತಮಟೆ ಮಾತ್ರ ಹೊಸ್ತಿಲಾಚೆ ಗೋಡೆಗೆ ಒರಗಿಕೊಂಡು ಬಿಸಿಲಲ್ಲೇ ಇತ್ತು, ಸಂಜೆ ನಾನು ಮನೆಗೆ ಹೊತ್ತುಕೊಂಡು ಹೋಗೋವರೆಗೂ.

ಈಗ ನಾನೇ ಮೇಷ್ಟ್ರು. ಶಾಲೆಗಳಲ್ಲಿ ಸಂಗೀತ ಕಲಿಸಬೇಕು, ಮಕ್ಕಳ ಮನಸ್ಸು ಅರಳುತ್ತೆ ಅಂತ ವೇದಿಕೆ ಮೇಲಿಂದ ಯಾರಾದರೂ ಭಾಷಣ ಬಿಗಿದಾಗಲೆಲ್ಲ ನನಗೆ ಆ ಗೋಡೆ ನೆನಪಾಗುತ್ತೆ. ಸಂಗೀತ ಬೇಕು, ಅದರಲ್ಲಿ ತಕರಾರಿಲ್ಲ. ಯಾರ ಸಂಗೀತ, ಕಲಿಸೋರು ಯಾರು, ಸಂಬಳ ಯಾರ ಕೈಗೆ? ನನ್ನ ಜಗಳ ಇದು.

ಕಾಗದದಲ್ಲಿ ಎಲ್ಲವೂ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಎಲ್ಲ ಹಂತದಲ್ಲೂ ಕಲೆ ಒಂದು ವಿಷಯವಾಗಬೇಕು, ಸಂಗೀತ, ನೃತ್ಯ, ಚಿತ್ರ, ನಾಟಕ ನಾಲ್ಕೂ ಇರಬೇಕು ಅಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ಓದಿ: 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಅಂದರೆ ನೂರು ಮಕ್ಕಳಿಲ್ಲದ ಹಳ್ಳಿಯ ಮಕ್ಕಳಿಗೆ ಕಿವಿ ಇಲ್ಲ ಅಂತ ಕಾನೂನೇ ತೀರ್ಮಾನ ಮಾಡಿಬಿಟ್ಟಿದೆ! ನೂರು ಇದ್ದ ಕಡೆ ಏನಾಗಿದೆ? ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲೂ ಅಂಥ ಬೋಧಕರನ್ನ ಕಂಡಿಲ್ಲ. ವೇಳಾಪಟ್ಟಿಯಲ್ಲಿ 'ಕಲೆ' ಅಂತ ಒಂದು ಪಿರಿಯಡ್ ಇರುತ್ತೆ, ಅದರೊಳಗೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸ್ತಾರೆ.

ಇತ್ತ ಸರ್ಕಾರ ಸಂಗೀತದ ಬಗ್ಗೆ ತಲೆ ಕೆಡಿಸಿಕೊಂಡೇ ಇಲ್ಲ ಅಂತಲ್ಲ. ನಾಡಗೀತೆಯನ್ನ ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಅಂತ ವರ್ಷಗಟ್ಟಲೆ ಚರ್ಚೆ ಮಾಡಿ, ಸಮಿತಿ ಕೂರಿಸಿ, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡು ಅಂತ ಆದೇಶ ಹೊರಡಿಸಿತು. ಅದೂ ಹೈಕೋರ್ಟಿನವರೆಗೆ ಹೋಯಿತು. ಆ ಎರಡೂವರೆ ನಿಮಿಷವನ್ನ ಮಕ್ಕಳಿಗೆ ಹೇಳಿಕೊಡೋರು ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ.

ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿಯಲ್ಲಿ ಹಾಡಿದೆ, ಕುಣಿತ ಇದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಮಗುವಿನ ಬಾಯಿಗೆ ಬೀಗ. ಆಮೇಲೆ ಅದು ತೆರೆಯೋದು ಪ್ರತಿಭಾ ಕಾರಂಜಿಗೆ ಎಂಟು ದಿನ ಇರುವಾಗ. ಆಗ ಮಕ್ಕಳಿಗೆ ಕಂಬಳಿ ಹೊದೆಸಿ, ಕಾಡಿಗೆಯಲ್ಲಿ ಮೀಸೆ ಬರೆದು, ಕೈಗೆ ತಮಟೆ ಕೊಟ್ಟು 'ಜಾನಪದ' ಅಂತಾರೆ. ಬಿಇಓ ಸಾಹೇಬರು ಚಪ್ಪಾಳೆ ತಟ್ಟುತ್ತಾರೆ. ಗೌಡರ ಮಗನಿಗೆ ಅದು ಒಂದು ದಿನದ ವೇಷ, ಸಂಜೆ ಮುಖ ತೊಳೆದರೆ ಹೋಯ್ತು. ನಮ್ಮ ಹುಡುಗನಿಗೆ ಅದು ತೊಳೆದರೆ ಹೋಗೋ ಬಣ್ಣವಾ?

ಸಂಗೀತ ಅಂದರೆ ಹಾರ್ಮೋನಿಯಂ, ಸರಳೆ ವರಸೆ, ಮೃದಂಗ ಅಂತ ನಂಬಿಕೊಂಡಿರೋ ಮಹನೀಯರಿಗೆ ಒಂದು ಮಾತು. ನಿಮ್ಮ ಮೃದಂಗಕ್ಕೆ ಚರ್ಮ ಎಲ್ಲಿಂದ ಬಂತು ಸ್ವಾಮಿ? ಹಸು, ಎಮ್ಮೆ, ಮೇಕೆಯ ಚರ್ಮ ಹದ ಮಾಡಿ, ಬಿಗಿದು, ನಾದ ಬರಿಸಿಕೊಟ್ಟ ಕೈಗಳು ಯಾವ ಕೇರಿಯವು? ತಮಿಳುನಾಡಿನ ಮೃದಂಗ ತಯಾರಕರ ಬಗ್ಗೆ, ಅವರಲ್ಲಿ ದಲಿತ ಕ್ರೈಸ್ತರೇ ಹೆಚ್ಚು, ಟಿ.ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನೋ ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು ಆಮೇಲೆ ಹಿಂದಕ್ಕೆ ತಗೊಂಡಿತು. ಚರ್ಮ ವೇದಿಕೆ ಮೇಲೆ ಹತ್ತಬಹುದು, ಚರ್ಮ ಹದ ಮಾಡಿದವನ ಹೆಸರು ಹತ್ತಬಾರದು.

ಹಾಗಂತ ವೀಣೆ, ಖ್ಯಾಲು ನಮಗೆ ಬೇಡ ಅಂತಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದ ಹುಡುಗಿ ಗಂಗೂಬಾಯಿ ಹಾನಗಲ್. ಹಾಡು ಹೇಗೆ ಬರುತ್ತೋ ಅನ್ನೋ ಭಯಕ್ಕಿಂತ, ಊಟವಾದ ಮೇಲೆ ಕೆಳಜಾತಿಯವಳು ಅಂತ ಎಂಜಲೆಲೆ ಎತ್ತೋಕೆ ಹೇಳ್ತಾರೇನೋ ಅನ್ನೋ ಭಯವೇ ದೊಡ್ಡದಾಗಿತ್ತು ಅಂತ ಆಕೆಯೇ ಮುಂದೆ ಹೇಳಿಕೊಂಡರು. ಇವತ್ತು ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ, ಸಂತೋಷ. ಆದರೆ ಫೀಸು ಕೊಟ್ಟು ಪಾಠಕ್ಕೆ ಹೋಗಲಾರದ ಕೂಲಿಯವನ ಮಗಳಿಗೆ ಷಡ್ಜ ಕೇಳೋ ಜಾಗ ಸರ್ಕಾರಿ ಶಾಲೆ ಬಿಟ್ಟರೆ ಬೇರೆ ಯಾವುದಿದೆ?

ಇನ್ನು ನಮ್ಮ ಗೆಳೆಯರ ಜೊತೆಗಿನ ಜಗಳ. 'ತಮಟೆ ಗುಲಾಮಗಿರಿಯ ಗುರುತು, ಸುಟ್ಟುಹಾಕಬೇಕು, ಅದನ್ನ ಶಾಲೆಗೆ ಬೇರೆ ತರ್ತೀಯಾ?' ಅಂತ ಸಂಘದ ಹುಡುಗರು ನನ್ನ ಮೇಲೆ ಎಗರಿ ಬಿದ್ದಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಸಾವಿಗೆ, ಮಾರಿಹಬ್ಬಕ್ಕೆ ಬಡಿಯಲ್ಲ ಅಂದ ಕೇರಿಗೆ ಅಂಗಡಿ, ನೀರು, ಕೂಲಿ ಬಂದ್ ಮಾಡಿದ ಊರುಗಳಿವೆ. ಬಡಿಯಲ್ಲ ಅನ್ನೋ ಹಕ್ಕು ಮೊದಲನೇದು, ಅದನ್ನ ಬಿಟ್ಟುಕೊಟ್ಟು ಯಾವ ಕಲೆಯೂ ಬೇಡ. ಆದರೆ ಗೆಳೆಯರೇ, ಎಪ್ಪತ್ತು-ಎಂಬತ್ತರ ದಶಕದ ನಮ್ಮ ಜಾಥಾಗಳನ್ನ ನೆನೆಸಿಕೊಳ್ಳಿ. ಸಿದ್ಧಲಿಂಗಯ್ಯನವರ ಹಾಡು ಅಕ್ಷರ ಬಾರದ ನಮ್ಮವ್ವಂದಿರ ನಾಲಿಗೆಗೆ ಹತ್ತಿದ್ದು ಪುಸ್ತಕದಿಂದಲ್ಲ. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್ ಅವರಂಥವರ ಕೊರಳಿನಿಂದ, ಅದರ ಹಿಂದಿದ್ದ ತಮಟೆಯಿಂದ. ಮಾರಿಗುಡಿ ಮುಂದೆ ಬಡಿದದ್ದೂ ಅದೇ ಚರ್ಮ. ಹೋರಾಟದಲ್ಲಿ 'ಬಡಿ' ಅಂತ ಹೇಳೋನು ಗೌಡ ಆಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅದು ಸುಲಭದ ವಿದ್ಯೆ ಅಂತ ತಿಳಿದವರು ಒಮ್ಮೆ ಕೈಗೆ ತಗೊಂಡು ನೋಡಲಿ. ಹುಲ್ಲಿನ ಬೆಂಕಿಗೆ ಎಷ್ಟು ಹೊತ್ತು ಹಿಡಿದರೆ ದನಿ ಏರುತ್ತೆ, ಎಲ್ಲಿ ಚರ್ಮ ಸೀಳುತ್ತೆ ಅನ್ನೋದು ಬೆರಳಿಗೆ ಗೊತ್ತಿರಬೇಕು. ಒಂದು ಕೈಲಿ ದಪ್ಪ ಕಡ್ಡಿ, ಇನ್ನೊಂದರಲ್ಲಿ ತೆಳು ಕಡ್ಡಿ, ಎರಡಕ್ಕೂ ಬೇರೆ ಬೇರೆ ಕೆಲಸ. ಮದುವೆಯ ಪೆಟ್ಟು ಬೇರೆ, ಸಾವಿನ ಪೆಟ್ಟು ಬೇರೆ, ಜಾತ್ರೆಯದು ಬೇರೆ. ಮೂರು ಹೊಲದಾಚೆಯಿಂದ ಕೇಳಿಯೇ ನಮ್ಮಪ್ಪ ಯಾರ ಮನೇಲಿ ಏನಾಯ್ತು ಅಂತ ಹೇಳೋನು. ತಮಟೆ ಕಲಿತರೆ ಲೆಕ್ಕ ಚೆನ್ನಾಗಿ ಬರುತ್ತೆ ಅಂತ ಕೆಲವರು ನಮ್ಮ ಪರವಾಗಿ ವಾದಿಸ್ತಾರೆ. ಬಂದರೆ ಬರಲಿ. ಮೃದಂಗ ಕಲಿಯೋ ಹುಡುಗನಿಗೆ ಯಾರೂ ಮಗ್ಗಿ ಕೇಳಿಲ್ಲ.

ಹಾಗಾಗಿ ನನ್ನ ಬೇಡಿಕೆ ಹೀಗೆ. ತಮಟೆಯನ್ನ ಶಾಲೆಯೇ ದುಡ್ಡು ಕೊಟ್ಟು ಕೊಳ್ಳಲಿ, ಯಾವ ಮಗುವಿಗೂ 'ಮನೆಯಿಂದ ತಗಂಬಾ' ಅನ್ನಬಾರದು. ಕಲಿತರೆ ಇಡೀ ಕ್ಲಾಸು ಕಲೀಬೇಕು, ಗೌಡರ ಮಗ, ಪೂಜಾರಿ ಮಗಳು ಸಮೇತ. ಅವರು ಮುಟ್ಟಲ್ಲ ಅಂದರೆ ನಮ್ಮ ಮಕ್ಕಳೂ ಮುಟ್ಟಲ್ಲ. ಕಲಿಸೋಕೆ ಊರಿನ ಕಲಾವಿದರೇ ಬರಲಿ, ತಿಂಗಳ ಸಂಬಳದ ಮೇಲೆ. ಸ್ಥಳೀಯ ಕಲಾವಿದರನ್ನ ಬೋಧಕರನ್ನಾಗಿ ತಗೊಳ್ಳಬಹುದು ಅಂತ 2020ರ ಶಿಕ್ಷಣ ನೀತಿಯೇ ಹೇಳುತ್ತೆ. ಆ ನೀತಿಯ ಮೇಲೆ ನನಗೆ ನೂರು ಸಿಟ್ಟಿದೆ, ಆದರೂ ಈ ಸಾಲನ್ನ ಹಿಡಿದು ಕೇಳೋಣ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ದೆಹಲಿಗೆ ಸಾಕಾದ ಆ ವಿದ್ಯೆ ನಮ್ಮ ಹೋಬಳಿಯ ಶಾಲೆಗೆ ಯಾಕೆ ಸಾಲದು? ಇಲ್ಲಿ ಕೇಳೋ ಮೊದಲ ಪ್ರಶ್ನೆ 'ಸರ್ಟಿಫಿಕೇಟ್ ಎಲ್ಲಿ?'

ನಮ್ಮ ಕೇರಿಯ ಹಿರಿಯ ತಮಟೆಗಾರರೊಬ್ಬರನ್ನ ಹೋದ ತಿಂಗಳು ಕೇಳಿದೆ: ಸ್ಕೂಲಿಗೆ ಬಂದು ಕಲಿಸ್ತೀಯೇನಣ್ಣ? ಬೀಡಿ ಆರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಎರಡೇ: 'ಒಳಗೆ ಕುರ್ಚಿ ಮ್ಯಾಲೆ ಕೂರಾದಾ, ಇಲ್ಲ ಹೊರಗಡೆ ನಿಂತ್ಕಂಡು ಬಡಿಯಾದಾ? ದುಡ್ಡು ತಿಂಗ್ಳಿಗಾ, ಹಬ್ಬಕ್ಕಾ?' ಇವೆರಡನ್ನೂ ಹಾಗೇ ಬರೆದು ಶಾಲಾ ಎಸ್‌ಡಿಎಂಸಿಗೆ ಅರ್ಜಿ ಕೊಟ್ಟಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ನಿಮ್ಮ ನಿಮ್ಮ ಊರುಗಳಲ್ಲೂ ಕೊಡಿ.